ಆರು ವರ್ಷ ಕೈ ಪಳಗಿದ ಮೇಲೂ ಪರೀಕ್ಷೆ ಯಾಕೆ ಬರೆಯಬೇಕು?

ಪ್ರಶ್ನೆ: ಕಣ್ಣಿನ ಡಾಕ್ಟರೊಬ್ಬರ ಹತ್ತಿರ ಆರು ವರ್ಷದಿಂದ ಸಹಾಯಕಿಯಾಗಿದ್ದೇನೆ. ದೃಷ್ಟಿ ನೋಡುವುದು, ಕಣ್ಣಿನ ಪ್ರೆಷರ್ ನೋಡುವುದು, ಡ್ರಾಪ್ಸ್ ಹಾಕುವುದು, ಪೊರೆ ಆಪರೇಷನ್‌ಗೆ ಮುಂಚೆ ಲೆನ್ಸಿನ ಅಳತೆ ತೆಗೆಯುವುದು, ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ಕಲಿತೆ. ಈಗ ತರಬೇತಿ ತಗೊಂಡು ಪರೀಕ್ಷೆ ಬರೆದು ಸರ್ಟಿಫಿಕೇಟ್ ಮಾಡಿಸಿಕೋ ಅನ್ನುತ್ತಿದ್ದಾರೆ. ದಿನಾ ಮಾಡುವ ಕೆಲಸಕ್ಕೆ ಪರೀಕ್ಷೆ ಯಾಕೆ? ಅದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ?

ಉತ್ತರ: ಈ ಪ್ರಶ್ನೆ ಕೇಳುವವರ ದನಿಯಲ್ಲಿ ಸ್ವಲ್ಪ ಮುನಿಸು ಇರುತ್ತದೆ. ಅದು ನನಗೆ ಅರ್ಥವಾಗುತ್ತದೆ, ನಾನೂ ಒಂದು ಕಾಲಕ್ಕೆ ಹೀಗೇ ಕೇಳಿದ್ದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒಳ್ಳೆಯ ತರಬೇತಿಯಿಂದ ಬಹಳ ಬದಲಾಗುತ್ತದೆ. ಸರ್ಟಿಫಿಕೇಟಿನಿಂದ ಬದಲಾಗುವುದು ಎಷ್ಟು ಎನ್ನುವುದು ಅದನ್ನು ಕೊಟ್ಟವರು ಯಾರು, ಏನು ನೋಡಿ ಕೊಟ್ಟರು ಎನ್ನುವುದರ ಮೇಲೆ ನಿಂತಿದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಬ್ಬರ ಕಣ್ಣಿನ ಪ್ರೆಷರ್ ನೋಡಿ 26 ಎಂದು ಬರೆದೆ. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ ಇರುತ್ತದೆ. ಹಾಗಾಗಿ 26 ಕಂಡರೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ನೋಟ ಕಳೆಯುವ ಕಾಯಿಲೆ) ಇರಬಹುದೇ ಎಂದು ಯೋಚನೆ ಶುರುವಾಗುತ್ತದೆ. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ತಂತ್ರಜ್ಞೆಯೊಬ್ಬರು ಮತ್ತೊಮ್ಮೆ ನೋಡಿದರು. 16 ಬಂತು. ಅವರು ಬೈಯಲಿಲ್ಲ. ನನ್ನನ್ನೇ ಸ್ಲಿಟ್ ಲ್ಯಾಂಪಿನ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ಮುಂದೆ ಕೂರಿಸಿ, ಇನ್ನೊಬ್ಬರ ಕಣ್ಣಿನಲ್ಲಿ ಮಾಡಿ ತೋರಿಸು ಅಂದರು. ನಾನು ರೆಪ್ಪೆ ಎತ್ತಿ ಹಿಡಿದೆ. "ಹೆಬ್ಬೆರಳು ಎಲ್ಲಿದೆ ನೋಡು. ಮೂಳೆ ಮೇಲೆ ಇರಬೇಕು. ನೀನು ಗುಡ್ಡೆ ಮೇಲೆ ಒತ್ತಿಕೊಂಡಿದ್ದೀಯ."

ಅಷ್ಟೇ. ರೆಪ್ಪೆ ಬಿಗಿದು ಮುಚ್ಚಿಕೊಳ್ಳುವವರಿಗೆ ಮಾತ್ರ ನಾನು ಹಾಗೆ ಹಿಡಿಯುತ್ತಿದ್ದೆ, ಎಲ್ಲರಿಗೂ ಅಲ್ಲ. ಅದಕ್ಕೇ ತಪ್ಪು ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡು ವರ್ಷದಲ್ಲಿ ಎಷ್ಟು ಜನರ ಕೇಸ್ ಶೀಟಿನಲ್ಲಿ ನನ್ನ ಹೆಬ್ಬೆರಳಿನ ಒತ್ತಡವೂ ಸೇರಿಕೊಂಡಿತ್ತೋ ಗೊತ್ತಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಬಟ್ಟೆ ಹೊಲಿಯುವವರು ಅಳತೆ ತಪ್ಪಿದರೆ ಗಿರಾಕಿ ಮರುದಿನವೇ ಬಂದು ತೋಳು ಬಿಗಿ ಎಂದು ಜಗಳ ತೆಗೆಯುತ್ತಾನೆ. ಹೀಗೆ ಬೈಸಿಕೊಂಡೇ ಟೈಲರ್ ಕಲಿಯುತ್ತಾನೆ. ನಮ್ಮ ಕೆಲಸದಲ್ಲಿ ತಪ್ಪು ಅಳತೆ ಯಾರಿಗೂ ಚುಚ್ಚುವುದಿಲ್ಲ. ಅದು ಅಂಕಿಯಾಗಿ ಕೇಸ್ ಶೀಟಿನಲ್ಲಿ ಕೂತು, ಡಾಕ್ಟರ ಮೇಜಿಗೆ ಹೋಗಿ, ಒಂದು ತೀರ್ಮಾನವಾಗಿ, ರೋಗಿಯ ಜೊತೆ ಮನೆಗೆ ಹೋಗಿಬಿಡುತ್ತದೆ. ನಿಮ್ಮ ಹತ್ತಿರ ತಿರುಗಿ ಬರುವುದೇ ಇಲ್ಲ. ಆದ್ದರಿಂದ ಆರು ವರ್ಷದ ಅನುಭವ ನಿಮಗೆ ವೇಗ ಕೊಟ್ಟಿರುತ್ತದೆ, ಧೈರ್ಯ ಕೊಟ್ಟಿರುತ್ತದೆ, ರೋಗಿಯ ಜೊತೆ ಮಾತಾಡುವ ಹದ ಕೊಟ್ಟಿರುತ್ತದೆ. ನಿಮ್ಮ ಅಳತೆ ಸರಿಯೇ ಎನ್ನುವುದನ್ನು ಮಾತ್ರ ಅದು ತಾನಾಗಿ ಹೇಳುವುದಿಲ್ಲ. ಮೊದಲ ದಿನ ಯಾರನ್ನು ನೋಡಿ ಕಲಿತಿರೋ ಅವರ ತಪ್ಪೂ ನಿಮ್ಮ ಕೈಗೆ ಬಂದಿರುತ್ತದೆ, ಅವರಿಗೆ ಅದು ಇನ್ಯಾರಿಂದಲೋ ಬಂದಿರುತ್ತದೆ.

ಪ್ರೆಷರನ್ನೇ ಇನ್ನೂ ಸ್ವಲ್ಪ ನೋಡೋಣ. ಗೋಲ್ಡ್‌ಮನ್ ಟೋನೋಮೀಟರ್ ಅಂದರೆ ಪ್ರೆಷರ್ ನೋಡುವ ಸಾಧನ, ಅದರ ತುದಿ ಕಾರ್ನಿಯಾವನ್ನು (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮುಟ್ಟಿ 3.06 ಮಿ.ಮೀ. ಅಗಲದ ಒಂದು ವೃತ್ತದಷ್ಟು ಜಾಗವನ್ನು ಚಪ್ಪಟೆ ಮಾಡುತ್ತದೆ. ಅದಕ್ಕೆ ಎಷ್ಟು ಬಲ ಬೇಕಾಯಿತು ಎನ್ನುವುದರಿಂದ ಒಳಗಿನ ಒತ್ತಡ ಎಷ್ಟೆಂದು ಹೇಳುತ್ತದೆ. ನೀಲಿ ಬೆಳಕಿನಲ್ಲಿ ಕಾಣುವ ಎರಡು ಹಸಿರು ಅರ್ಧವೃತ್ತಗಳ ಒಳಅಂಚು ಒಂದಕ್ಕೊಂದು ತಾಗಿದಾಗ ಅಂಕಿ ಓದಬೇಕು ಎನ್ನುವುದು ನಿಮಗೂ ಗೊತ್ತು. ಆದರೆ ಇದಕ್ಕೆಂದು ಕಣ್ಣಿಗೆ ಹಾಕುವ ಬಣ್ಣದ ಔಷಧಿ ಜಾಸ್ತಿಯಾಗಿ ಗೆರೆ ದಪ್ಪವಾದರೆ ಅಂಕಿ ಮೇಲೆ ಹೋಗುತ್ತದೆ. ರೋಗಿ ಉಸಿರು ಬಿಗಿಹಿಡಿದರೂ, ಕತ್ತಿನ ಗುಂಡಿ ಬಿಗಿಯಾಗಿದ್ದರೂ ಹೆಚ್ಚು ತೋರಿಸುತ್ತದೆ. ಕಾರ್ನಿಯಾ ದಪ್ಪ ಇದ್ದವರಲ್ಲಿ ಇರುವುದಕ್ಕಿಂತ ಜಾಸ್ತಿ, ತೆಳು ಇದ್ದವರಲ್ಲಿ ಕಡಿಮೆ ತೋರಿಸುತ್ತದೆ. ತರಬೇತಿ ಇಲ್ಲದವರಿಗೆ 26 ಅಂದರೆ 26. ತರಬೇತಿ ಆದವರಿಗೆ ಅದು ಮೊದಲು ಒಂದು ಅನುಮಾನ. ಅವರು ಕತ್ತಿನ ಗುಂಡಿ ಬಿಚ್ಚಿಸಿ, ಉಸಿರಾಡಿ ಎಂದು ಹೇಳಿ, ತಮ್ಮ ಬೆರಳನ್ನೂ ನೋಡಿಕೊಂಡು, ಇನ್ನೊಂದು ಸಲ ಮುಟ್ಟಿಸುತ್ತಾರೆ.

ಪೊರೆ ತೆಗೆದು ಕಣ್ಣೊಳಗೆ ಇಡುವ ಲೆನ್ಸಿನ ಅಳತೆಯಲ್ಲಂತೂ ತಪ್ಪಿನ ಬೆಲೆ ಇನ್ನೂ ಜಾಸ್ತಿ. ಕಣ್ಣಿನ ಉದ್ದ ಸುಮಾರು 23-24 ಮಿ.ಮೀ. ಅದನ್ನು ಅಳೆಯುವಾಗ 1 ಮಿ.ಮೀ. ಹೆಚ್ಚುಕಮ್ಮಿಯಾದರೆ ಆಪರೇಷನ್ ಆದಮೇಲೆ ಕನ್ನಡಕದ ಪವರ್‌ನಲ್ಲಿ ಎರಡೂವರೆಯಿಂದ ಮೂರು ಡಯಾಪ್ಟರ್ (ಪವರಿನ ಅಳತೆ) ವ್ಯತ್ಯಾಸ. ಶಬ್ದತರಂಗದಿಂದ ಉದ್ದ ಅಳೆಯುವ, ಕಣ್ಣಿಗೆ ಮುಟ್ಟಿಸಿ ನೋಡುವ ಎ-ಸ್ಕ್ಯಾನ್‌ನಲ್ಲಿ ಪ್ರೋಬ್ ಸ್ವಲ್ಪ ಒತ್ತಿದರೆ ಸಾಕು, ಕಣ್ಣು ಇರುವುದಕ್ಕಿಂತ ಚಿಕ್ಕದು ಎಂದು ಯಂತ್ರ ನಂಬುತ್ತದೆ. ಹೆಚ್ಚು ಪವರಿನ ಲೆನ್ಸ್ ಒಳಗೆ ಹೋಗುತ್ತದೆ. ಸರ್ಜನ್ ಕೈಚಳಕ ಎಷ್ಟೇ ಚೆನ್ನಾಗಿದ್ದರೂ ರೋಗಿಗೆ ದೂರದ್ದು ಮಸುಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದಿಟ್ಟು ಸಾಕಷ್ಟು ದಿನ ಆಗಿದೆಯೇ ಎಂದು ಕೇಳದೆ ಅಳತೆ ತೆಗೆದರೆ ಕಾರ್ನಿಯಾದ ಬಾಗು ತಪ್ಪು ಬರುತ್ತದೆ. ಕಣ್ಣಿನ ಉದ್ದ 22 ಮಿ.ಮೀ.ಗಿಂತ ಕಮ್ಮಿ, 25 ಮಿ.ಮೀ.ಗಿಂತ ಜಾಸ್ತಿ, ಅಥವಾ ಎರಡು ಕಣ್ಣುಗಳ ನಡುವೆ ಎದ್ದು ಕಾಣುವ ಅಂತರ ಬಂದರೆ ಮತ್ತೊಮ್ಮೆ ಅಳೆಯಬೇಕು ಎನ್ನುವುದು ತರಬೇತಿಯಲ್ಲಿ ಮೊದಲ ವಾರವೇ ತಲೆಗೆ ಹೋಗುವ ಪಾಠ. ಯಂತ್ರದ ಪರದೆ ಮೇಲೆ ಅಂಕಿ ಬಂತಲ್ಲ ಎಂದು ಬರೆದುಕೊಂಡು ಹೋಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಉಳಿದವನ್ನು ಬೇಗ ಹೇಳುತ್ತೇನೆ. ದೃಷ್ಟಿ ನೋಡುವಾಗ ಒಂದು ಕಣ್ಣು ಮುಚ್ಚಿಕೊಳ್ಳಿ ಅಂದಾಗ ರೋಗಿ ಅಂಗೈ ಬದಲು ಬೆರಳು ಅಡ್ಡ ಹಿಡಿದರೆ ಸಂದಿನಿಂದ ಓದಿಬಿಡುತ್ತಾರೆ. ಒಂದೇ ಚಾರ್ಟನ್ನು ಎರಡೂ ಕಣ್ಣಿಗೆ ತೋರಿಸಿದರೆ ಎರಡನೆಯದು ಬಾಯಿಪಾಠ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮುಂಚೆ ಪಾಪೆ ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂದು ನೋಡಿಕೊಳ್ಳಬೇಕು, ಹಾಕಿದ ಮೇಲೆ ಆ ಸಾಕ್ಷಿ ಅಳಿಸಿಹೋಗುತ್ತದೆ. ಮುಂಭಾಗದ ಕೋಣೆ, ಅಂದರೆ ಕಾರ್ನಿಯಾಕ್ಕೂ ಪಾಪೆಗೂ ನಡುವಿನ ಜಾಗ, ಇಕ್ಕಟ್ಟಾಗಿರುವ ಕಣ್ಣಿಗೆ ಅದೇ ಡ್ರಾಪ್ಸಿನಿಂದ ಪ್ರೆಷರ್ ದಿಢೀರ್ ಏರಬಹುದು. ಕೆಂಪು ಮುಚ್ಚಳ ಅಂದರೆ ಪಾಪೆ ಹಿಗ್ಗಿಸುವುದು, ಹಸಿರು ಅಂದರೆ ಕುಗ್ಗಿಸುವುದು ಎನ್ನುವ ಬಣ್ಣದ ಗುರುತು ಸಹಾಯಕ್ಕೆ ಬರುತ್ತದೆ. ಆದರೆ ಎರಡು ಬಾಟಲಿ ಒಟ್ಟಿಗೆ ತೆರೆದರೆ ಮುಚ್ಚಳ ಅದಲುಬದಲಾಗುವುದೂ ಉಂಟು. ಲೇಬಲ್ ಓದುವ ಅಭ್ಯಾಸಕ್ಕೆ ಯಾವ ಬಣ್ಣವೂ ಬದಲಿಯಲ್ಲ.

ಯಾರೂ ತರಬೇತಿ ಎಂದು ಎಣಿಸದ ಒಂದು ಜಾಗ ಇದೆ, ಫೋನ್ ಎತ್ತುವ ಮೇಜು. "ಕಣ್ಣಿಗೆ ಸುಣ್ಣ ಸಿಡಿದಿದೆ" ಎಂದು ಯಾರಾದರೂ ಫೋನ್ ಮಾಡಿದಾಗ, "ನಾಲ್ಕು ಗಂಟೆಗೆ ಡಾಕ್ಟರ್ ಬರುತ್ತಾರೆ, ಬನ್ನಿ" ಅನ್ನುವವರಿಗೂ, "ಈಗಲೇ ನಲ್ಲಿ ಕೆಳಗೆ ಕಣ್ಣು ಬಿಟ್ಟು ತೊಳೆಯುತ್ತಾ ಇರಿ, ಕಾಲು ಗಂಟೆಗಿಂತ ಕಮ್ಮಿ ನಿಲ್ಲಿಸಬೇಡಿ, ಆಮೇಲೆ ತಡಮಾಡದೆ ಹೊರಡಿ" ಅನ್ನುವವರಿಗೂ ನಡುವೆ ಒಂದು ಕಣ್ಣು ಇದೆ. ಸುಣ್ಣದಂಥ ಕ್ಷಾರ ಆಮ್ಲಕ್ಕಿಂತ ಕೆಟ್ಟದು, ಕಾರ್ನಿಯಾವನ್ನು ಕೊರೆದುಕೊಂಡು ಒಳಗೆ ಇಳಿಯುತ್ತದೆ. ಹಾಗೆಯೇ ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆ ಒಮ್ಮೆಲೇ ಹೆಚ್ಚಾಗುವುದು, ಒಂದು ಬದಿಯಿಂದ ಪರದೆ ಇಳಿದಂತೆ ಕಾಣುವುದು, ಇವು ರೆಟಿನಾ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ) ಕಳಚುತ್ತಿರುವ ಲಕ್ಷಣ ಇರಬಹುದು. ನೋವಿಲ್ಲ ಎಂದು ರೋಗಿಯೇ ಸಮಾಧಾನದಿಂದ ಮಾತಾಡುತ್ತಾರೆ. ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕೊಡಬಾರದು, ಅವತ್ತೇ ಕರೆಸಬೇಕು. ನನ್ನ ಕೇಳಿದರೆ, ಕ್ಲಿನಿಕ್ಕಿನಲ್ಲಿ ಒಬ್ಬರಿಗೇ ತರಬೇತಿ ಕೊಡಿಸುವಷ್ಟು ದುಡ್ಡಿದ್ದರೆ ರಿಸೆಪ್ಷನ್‌ನವರಿಗೇ ಕೊಡಿಸಿ ಎನ್ನುತ್ತೇನೆ.

ಇನ್ನು ಸರ್ಟಿಫಿಕೇಟ್. ಇಲ್ಲಿ ಕನ್ನಡವೇ ನಮ್ಮನ್ನು ಸ್ವಲ್ಪ ಗೊಂದಲಕ್ಕೆ ಬೀಳಿಸುತ್ತದೆ. ಪ್ರಮಾಣಪತ್ರ ಅನ್ನುವ ಒಂದೇ ಮಾತನ್ನು ಮೂರು ಬೇರೆ ಬೇರೆ ಸಂಗತಿಗೆ ಬಳಸುತ್ತೇವೆ. ಒಂದು, ಕೋರ್ಸಿಗೆ ಬಂದು ಕೂತಿದ್ದಕ್ಕೆ ಕೊಡುವ ಕಾಗದ. ಇನ್ನೊಂದು, ಕಲಿಸಿದವರಲ್ಲದ ಬೇರೆ ಸಂಸ್ಥೆಯೊಂದು ಪರೀಕ್ಷೆ ಮಾಡಿ, ಇವರಿಗೆ ಇಷ್ಟು ಬರುತ್ತದೆ ಎಂದು ಹೊಣೆ ಹೊತ್ತು ಹೇಳುವುದು. ಇದಕ್ಕೆ ಅವಧಿ ಇರುತ್ತದೆ, ಮುಗಿದ ಮೇಲೆ ಮತ್ತೆ ಕಲಿತು ನವೀಕರಿಸಬೇಕು. ಮೂರನೆಯದು ಲೈಸೆನ್ಸ್, ಅಂದರೆ ಈ ಕೆಲಸ ಮಾಡಲು ಕಾನೂನು ಕೊಟ್ಟ ಅನುಮತಿ. ಮೊದಲನೆಯದನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ಎರಡನೆಯದು ಎಂದು ನಂಬಿಕೊಂಡವರು ಬಹಳ ಜನ.

ಎರಡನೆಯ ಬಗೆಗೆ ಒಂದು ಉದಾಹರಣೆ ಕೊಡಬಹುದು. ನೇತ್ರ ಸಹಾಯಕರನ್ನು ಪರೀಕ್ಷಿಸಿ ಪ್ರಮಾಣೀಕರಿಸಲೆಂದೇ 1969ರಲ್ಲಿ ಅಮೆರಿಕದಲ್ಲಿ ಒಂದು ಜಂಟಿ ಆಯೋಗ ಶುರುವಾಯಿತು. ಅದರ ಈಗಿನ ಚುಟುಕು ಹೆಸರು ಐಜೆಕಾಪೋ (IJCAHPO). ಮುಖ್ಯವಾಗಿ ಮೂರು ಮೆಟ್ಟಿಲು: ಸಹಾಯಕರಿಗೆ ಸಿಒಎ, ತಂತ್ರಜ್ಞರಿಗೆ ಸಿಒಟಿ, ಅದಕ್ಕೂ ಮೇಲೆ ಸಿಒಎಂಟಿ. ಒಮ್ಮೆ ಪಾಸಾದರೆ ಜೀವನವಿಡೀ ನಡೆಯುತ್ತದೆ ಎಂದಿಲ್ಲ, 36 ತಿಂಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಬೇರೆ ದಾರಿಯೂ ಇದೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಮಧುರೈಯಲ್ಲಿ ಶುರುಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆ ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ ಎರಡು ವರ್ಷ ತಾನೇ ತರಬೇತಿ ಕೊಡುತ್ತದೆ. ಅಲ್ಲಿ ಸರ್ಜನ್ ಒಂದು ಮೇಜಿನಲ್ಲಿ ಆಪರೇಷನ್ ಮುಗಿಸುವ ಹೊತ್ತಿಗೆ ಪಕ್ಕದ ಮೇಜಿನ ರೋಗಿ ಸಿದ್ಧವಾಗಿರುತ್ತಾರೆ. ಅಷ್ಟೊಂದು ಆಪರೇಷನ್ ಅಲ್ಲಿ ಸಾಧ್ಯವಾಗುವುದಕ್ಕೆ ಈ ಹುಡುಗಿಯರೇ ದೊಡ್ಡ ಕಾರಣ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕಣ್ಣಿನ ಆರೈಕೆಯಲ್ಲಿ ಯಾರಿಗೆ ಏನೇನು ಬರಬೇಕು ಎನ್ನುವ ಸಾಮರ್ಥ್ಯದ ಚೌಕಟ್ಟೊಂದನ್ನು ಹೊರತಂದಿತು.

ಈಗ ನಿಮ್ಮ ಮುನಿಸಿನ ಪರವಾಗಿಯೂ ಒಂದು ಮಾತು. ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪರೀಕ್ಷೆಯನ್ನು ನಾನು ಆ ಎರಡನೇ ವರ್ಷದಲ್ಲೇ ಬರೆದಿದ್ದರೂ ಪಾಸಾಗುತ್ತಿದ್ದೆನೋ ಏನೋ. "ರೆಪ್ಪೆ ಎತ್ತುವಾಗ ಬೆರಳು ಎಲ್ಲಿರಬೇಕು?" ಎಂದು ಕೇಳಿದ್ದರೆ ಮೂಳೆ ಮೇಲೆ ಎಂದೇ ಗುರುತು ಹಾಕುತ್ತಿದ್ದೆ. ಕಾಗದಕ್ಕೆ ನನ್ನ ಹೆಬ್ಬೆರಳು ಕಾಣುವುದಿಲ್ಲ. ಹಾಗಾಗಿ ಕೈಕೆಲಸವನ್ನು ಪಕ್ಕದಲ್ಲಿ ನಿಂತು ನೋಡುವ, ನೋಡಿ ತಿದ್ದುವ ಕೋರ್ಸು ಯಾವುದು ಎಂದು ಹುಡುಕಿ. ಸೇರುವ ಮುಂಚೆ ಅವರನ್ನೇ ಕೇಳಿ: ಕಲಿಸುವವರೇ ಪರೀಕ್ಷೆ ಮಾಡುತ್ತಾರೋ ಬೇರೆಯವರೋ, ನಿಜವಾದ ರೋಗಿಗಳ ಮೇಲೆ ಎಷ್ಟು ಹೊತ್ತು ಅಭ್ಯಾಸ, ಫೇಲಾದವರು ಯಾರಾದರೂ ಇದ್ದಾರೋ. ಕೊನೆಯ ಪ್ರಶ್ನೆಗೆ "ನಮ್ಮಲ್ಲಿ ಎಲ್ಲರೂ ಪಾಸ್" ಎಂದು ಹೆಮ್ಮೆಯಿಂದ ಹೇಳಿದರೆ ನಾನಂತೂ ಎದ್ದು ಬರುತ್ತೇನೆ. ನೀವಿರುವ ಕಡೆ ಈ ಕೆಲಸಕ್ಕೆ ನೋಂದಣಿ ಅಥವಾ ಲೈಸೆನ್ಸ್ ಕಡ್ಡಾಯವೇ ಎನ್ನುವುದನ್ನೂ ವಿಚಾರಿಸಿಕೊಳ್ಳಿ. ಕಡ್ಡಾಯ ಇದ್ದರೆ ಈ ಚರ್ಚೆಯೇ ಬೇಡ, ಬರೆದುಬಿಡಿ.

ಕಡ್ಡಾಯ ಇಲ್ಲದಿದ್ದರೆ ಸರ್ಟಿಫಿಕೇಟ್ ಯಾರಿಗೆ ಬೇಕು? ನಿಮ್ಮ ಡಾಕ್ಟರಿಗೆ ಅಲ್ಲ, ಅವರು ಆರು ವರ್ಷದಿಂದ ನಿಮ್ಮನ್ನು ನೋಡಿದ್ದಾರೆ. ನಿಮ್ಮನ್ನು ನೋಡಿರದವರಿಗೆ ಬೇಕು. ಡಾಕ್ಟರ್ ನಿವೃತ್ತರಾದರೆ, ಕ್ಲಿನಿಕ್ ಕೈಬದಲಾದರೆ, ನೀವೇ ಬೇರೆ ಊರಿಗೆ ಹೋಗಬೇಕಾಗಿ ಬಂದರೆ, ಆರು ವರ್ಷದ ಅನುಭವ ಅರ್ಜಿಯಲ್ಲಿ ಒಂದು ಸಾಲು. ಆ ಸಾಲನ್ನು ಓದುವವರು ನಿಮ್ಮ ಮೇಲೆ ಎಷ್ಟು ನಂಬಿಕೆ ಇಡಬಹುದು ಎಂದು ಯಾರಾದರೂ ಮೂರನೆಯವರು ಹೇಳಬೇಕು. ಸಂಬಳ ತಾನಾಗಿ ಏರುತ್ತದೆ ಎಂದು ಮಾತ್ರ ನಂಬಬೇಡಿ, ಕೆಲವು ಕಡೆ ಏರುತ್ತದೆ, ಕೆಲವು ಕಡೆ ಬರೀ ಶಹಬ್ಬಾಸ್‌ಗಿರಿ. ಶುಲ್ಕ ಯಾರು ಕಟ್ಟುತ್ತಾರೆ, ಓದಲು ವಾರಕ್ಕೆ ಎಷ್ಟು ಹೊತ್ತು ಬಿಡುವು, ಪಾಸಾದ ಮೇಲೆ ಜವಾಬ್ದಾರಿಯ ಜೊತೆ ಸಂಬಳವೂ ಬದಲಾಗುತ್ತದೆಯೇ ಎಂದು ಸೇರುವ ಮುಂಚೆಯೇ ಬಾಯಿಬಿಟ್ಟು ಕೇಳಿ. ಹಾಗೆಯೇ ಸರ್ಟಿಫಿಕೇಟ್ ಬಂದ ಮಾತ್ರಕ್ಕೆ ರೋಗಿಗೆ ನಿಮಗೆ ಗ್ಲಾಕೋಮಾ ಇದೆ ಎಂದು ಹೇಳುವ ಅಧಿಕಾರ ಬರುವುದಿಲ್ಲ. ಅಳತೆ ನಿಮ್ಮದು, ರೋಗನಿರ್ಣಯ ಡಾಕ್ಟರದ್ದು.

ಇದೆಲ್ಲಕ್ಕೂ ಮುಂಚೆ ನಿಮ್ಮ ಕ್ಲಿನಿಕ್ಕಿನಲ್ಲೇ ಒಂದು ಕೆಲಸ ಮಾಡಬಹುದು. ಡಾಕ್ಟರ ಒಪ್ಪಿಗೆ, ರೋಗಿಗಳ ಒಪ್ಪಿಗೆ ಪಡೆದು ಹತ್ತು ಜನರ ಪ್ರೆಷರ್ ನೀವು ನೋಡಿ ಬರೆದಿಡಿ. ನಿಮ್ಮ ಅಂಕಿ ತೋರಿಸದೆ ಡಾಕ್ಟರಿಂದ ಅದನ್ನೇ ಮತ್ತೆ ನೋಡಿಸಿ. ಎರಡನೆಯ ಸಲ ಒಂದೆರಡು ಅಂಕಿ ಕಮ್ಮಿ ಬಂದರೆ ಗಾಬರಿ ಬೇಡ, ಮತ್ತೆ ಮತ್ತೆ ಮುಟ್ಟಿಸಿದಾಗ ಪ್ರೆಷರ್ ಸ್ವಲ್ಪ ಇಳಿಯುವುದು ಸಹಜ. ನಾಲ್ಕೈದು ಅಂಕಿಯ ಅಂತರ ಬಂದವರು ಎಷ್ಟು ಜನ, ಅವರೆಲ್ಲ ರೆಪ್ಪೆ ಬಿಗಿದು ಮುಚ್ಚಿಕೊಳ್ಳುವವರೇ, ನೋಡಿ. ಆ ಹತ್ತು ಜೋಡಿ ಅಂಕಿಯ ಚೀಟಿ ಕೈಯಲ್ಲಿ ಹಿಡಿದು ಕೋರ್ಸಿನ ಪಾಠಪಟ್ಟಿ ತೆರೆದರೆ ಯಾವ ಪುಟದಿಂದ ಶುರುಮಾಡಬೇಕು ಎನ್ನುವುದು ನಿಮಗೇ ಗೊತ್ತಾಗುತ್ತದೆ.