ಪಂಪ್ ಎತ್ತುವುದು ಕೊನೆಗೆ: ಮಳೆಗಾಲಕ್ಕೆ ಮುನ್ನ ತೋಟದ ನೀರಿನ ಪೈಪು ಖಾಲಿ ಮಾಡುವ ಕ್ರಮ

ರೋಹಿಣಿ ಮಳೆ ಹಿಡಿಯುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ ನಿಲ್ಲುತ್ತದೆ. ಮತ್ತೆ ಅದರ ನೆನಪಾಗುವುದು ನವೆಂಬರ್ ಕೊನೆಗೋ ಡಿಸೆಂಬರಿಗೋ, ಮಣ್ಣಿನ ತೇವ ಆರಿದ ಮೇಲೆ. ಆಗ ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ತಿರುಗಿದರೂ ಅರ್ಧ ತೋಟದ ಸ್ಪ್ರಿಂಕ್ಲರ್‌ಗಳಲ್ಲಿ ನೀರಿಲ್ಲ. ಬೇಸಿಗೆಯಲ್ಲಿ ಎಲ್ಲ ಸರಿಯಾಗೇ ಇತ್ತಲ್ಲ ಎಂದು ಮನೆಯವರು ತಲೆ ಕೆಡಿಸಿಕೊಳ್ಳುತ್ತಾರೆ. ಸರಿಯಾಗೇ ಇತ್ತು, ಐದಾರು ತಿಂಗಳು ಒಳಗೆ ನೀರು ಹಾಗೇ ನಿಂತು ಕೆಡಿಸಿತು.

ಹಳ್ಳದ ನೀರು ಏರುವ ಭಯಕ್ಕೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಪಂಪನ್ನು ಬಿಚ್ಚಿ ಮನೆಗೆ ತರುವುದು. ತೊಂದರೆ ಶುರುವಾಗುವುದೇ ಅಲ್ಲಿ. ಪೈಪಿನೊಳಗಿನ ಕೆಸರನ್ನು ಹೊರಹಾಕಲು ಒತ್ತಡದ ನೀರು ಬೇಕು, ಅದನ್ನು ಕೊಡುವ ಪಂಪೇ ಅಷ್ಟರಲ್ಲಿ ಕೊಟ್ಟಿಗೆ ಸೇರಿರುತ್ತದೆ. ಆದ್ದರಿಂದ ಮೇ ಮೂರನೇ ವಾರದಲ್ಲೇ, ಹಳ್ಳದಲ್ಲಿ ತಿಳಿನೀರು ಇರುವಾಗ, ಕರೆಂಟು ಸರಿಯಾಗಿ ಸಿಗುವಾಗ, ಎರಡು ದಿನ ಇದಕ್ಕೆಂದೇ ಎತ್ತಿಡಿ. ಪೈಪು ತೊಳೆದು, ಬಸಿದು, ಕಟ್ಟಿಟ್ಟ ಮೇಲೆ ಪಂಪ್ ಎತ್ತಿದರಾಯಿತು.

ತೊಳೆಯುವುದು ದೊಡ್ಡ ಪೈಪಿನಿಂದ ಸಣ್ಣದಕ್ಕೆ. ಮೊದಲು ಮೇನ್‌ಲೈನಿನ (ಪಂಪಿನಿಂದ ಬರುವ ಮುಖ್ಯ ಪೈಪು) ಕೊನೆಯಲ್ಲಿ ನೀರು ಹೊರಬಿಡುವ ಫ್ಲಶ್ ವಾಲ್ವ್, ಅದು ತಿಳಿಯಾದ ಮೇಲೆ ಅದರ ಕವಲಾದ ಸಬ್‌ಮೇನ್, ಆಮೇಲೆ ಮರಗಳ ಸಾಲಿಗೆ ಹೋಗುವ ಸಣ್ಣ ಪೈಪು, ಅಂದರೆ ಲ್ಯಾಟರಲ್. ಎಲ್ಲ ಎಂಡ್‌ಕ್ಯಾಪ್‌ಗಳನ್ನೂ ಒಟ್ಟಿಗೆ ಬಿಚ್ಚಿದರೆ ನೀರು ಹರಿಯುತ್ತದೆ, ಆದರೆ ಕೆಸರು ಅಲುಗುವುದಿಲ್ಲ. ತಳ ಹಿಡಿದ ಮಣ್ಣು ಕಿತ್ತು ಬರಲು ಸೆಕೆಂಡಿಗೆ ಅರ್ಧ ಮೀಟರಿನಷ್ಟಾದರೂ ವೇಗ ಬೇಕು. 16 ಮಿ.ಮೀ. ಲ್ಯಾಟರಲ್‌ನಲ್ಲಿ ಅದನ್ನು ಅಳೆಯುವುದು ಸುಲಭ: ತುದಿಗೆ ಒಂದು ಲೀಟರಿನ ಬಾಟಲಿ ಹಿಡಿಯಿರಿ. 13-14 ಸೆಕೆಂಡಿನೊಳಗೆ ತುಂಬಿದರೆ ವೇಗ ಸಾಕು. 20 ಸೆಕೆಂಡ್ ಹಿಡಿದರೆ ತೆರೆದ ತುದಿಗಳು ಹೆಚ್ಚಾದವು, ಒಂದೆರಡು ಮುಚ್ಚಿ. ಸಾಮಾನ್ಯ ತೋಟದಲ್ಲಿ ಒಮ್ಮೆಗೆ ಐದಾರು ಸಾಲು ಸರಿಹೋಗುತ್ತದೆ. ನೀರನ್ನು ಬಿಳಿ ಲೋಟದಲ್ಲಿ ಹಿಡಿದು ನೋಡಿ. ಮೊದಲು ಕಂದು, ನಂತರ ತಿಳಿ, ನಡುವೆ ಒಮ್ಮೆ ಕೆಂಪು ಲೋಳೆಯ ಚೂರುಗಳು ಬರುತ್ತವೆ. ಆ ಚೂರು ನಿಲ್ಲುವವರೆಗೂ ತುದಿ ಮುಚ್ಚಬೇಡಿ.

ಈ ಕೆಂಪು ಲೋಳೆ ನಮ್ಮ ಜಂಬಿಟ್ಟಿಗೆ ನೆಲದ ನೀರಿಗೆ ಹುಟ್ಟಿನಿಂದಲೇ ಬಂದದ್ದು. ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿದೊಡನೆ ತುಕ್ಕಾಗುತ್ತದೆ, ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾ ಅದಕ್ಕೆ ಅಂಟು ಸೇರಿಸುತ್ತದೆ. ನಿಂತ ನೀರಿನಲ್ಲಿ ಇದು ಪದರ ಪದರವಾಗಿ ಬೆಳೆದು, ಒಣಗಿದ ಮೇಲೆ ಡ್ರಿಪ್ಪರ್ ಬಾಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಬರೀ ನೀರಿಗೆ ಜಗ್ಗದಿದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಎಷ್ಟು ಎಂಬುದನ್ನು ನೆರೆಯವರ ಲೆಕ್ಕದಿಂದ ತರಬೇಡಿ, ನಿಮ್ಮ ನೀರಿನಿಂದಲೇ ತಿಳಿಯಿರಿ. 10 ಲೀಟರ್ ನೀರಿಗೆ ಆಮ್ಲವನ್ನು ಸಿರಿಂಜಿನಲ್ಲಿ ಅರ್ಧರ್ಧ ಮಿ.ಲೀ. ಹಾಕಿ ಕಲಕುತ್ತ ಪಿಎಚ್ ಕಾಗದ ಅದ್ದಿ. 4 ತೋರಿಸಿದಲ್ಲಿ ನಿಲ್ಲಿಸಿ. ಉದಾಹರಣೆಗೆ 2 ಮಿ.ಲೀ. ಹಿಡಿಯಿತು, ಪಂಪ್ ನಿಮಿಷಕ್ಕೆ 200 ಲೀಟರ್ ಕೊಡುತ್ತದೆ ಎನ್ನಿ: 15 ನಿಮಿಷಕ್ಕೆ 3000 ಲೀಟರ್, ಬೇಕಾದ ಆಮ್ಲ 600 ಮಿ.ಲೀ. ಅದನ್ನು ಪಂಪ್ ದಾಟಿದ ಮೇಲಿನ ಪ್ಲಾಸ್ಟಿಕ್ ವೆಂಚುರಿಯಲ್ಲಿ (ಹರಿವ ನೀರಿಗೆ ದ್ರವವನ್ನು ಎಳೆದು ಬೆರೆಸುವ ಕೊಳವೆ) ಕೊಡಿ. ಪಂಪಿನ ಮೂಲಕ ಎಳೆಸಿದರೆ ಬೀಡು ಕಬ್ಬಿಣವನ್ನೇ ತಿನ್ನುತ್ತದೆ. ಕೊನೆಯ ಡ್ರಿಪ್ಪರಿನ ನೀರೂ 4 ತೋರಿಸಿದಾಗ ಪಂಪ್ ನಿಲ್ಲಿಸಿ, 24 ಗಂಟೆ ಬಿಟ್ಟು ಮತ್ತೆ ತೊಳೆಯಿರಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪೌಡರ್ ಮುಟ್ಟಿದ ಬಕೆಟ್ಟಿಗೂ ಆಮ್ಲ ಸುರಿಯಬೇಡಿ, ಎದ್ದು ಬರುವ ಕ್ಲೋರಿನ್ ಶ್ವಾಸಕೋಶ ಸುಡುತ್ತದೆ.

ಬಸಿಯುವುದರಲ್ಲಿ ಬಹಳ ಮಂದಿ ಮರೆಯುವುದು ಗಾಳಿಯನ್ನು. ನಮ್ಮ ತೋಟಗಳು ಕಣಿವೆಯವು. ಟ್ಯಾಂಕೋ ಮೇನ್‌ಲೈನೋ ಮೇಲಿನ ಗುಡ್ಡದಲ್ಲಿ, ಸಾಲುಗಳು ಕೆಳಗೆ. ಕೆಳಗಿನ ವಾಲ್ವ್ ತೆರೆದಾಗ ನೀರು ಇಳಿಯುತ್ತದೆ, ಅಷ್ಟೇ ಗಾಳಿ ಮೇಲಿನಿಂದ ಒಳಗೆ ಬರಬೇಕು. ಆ ಗಾಳಿ ಬಿಡುವ ಏರ್ ವಾಲ್ವ್ ಕೆಸರಿಗೆ ಅಂಟಿ ಕೂತಿದ್ದರೆ ಪೈಪಿನೊಳಗೆ ನಿರ್ವಾತ ಹುಟ್ಟುತ್ತದೆ. ಆಗ ಮಣ್ಣಿಗೆ ತಾಗಿದ ಡ್ರಿಪ್ಪರ್‌ಗಳೆಲ್ಲ ಹೊರಗಿನ ರಾಡಿಯನ್ನು ಒಳಕ್ಕೆ ಹೀರುತ್ತವೆ. ಗಂಟೆಗಟ್ಟಲೆ ತೊಳೆದದ್ದು ಒಂದೇ ನಿಮಿಷದಲ್ಲಿ ವ್ಯರ್ಥ. ತೆಳು ದಪ್ಪದ ದೊಡ್ಡ ಪಿವಿಸಿ ಪೈಪು ಚಪ್ಪಟೆಯಾಗಿ ಸೀಳುವುದೂ ಇದರಿಂದಲೇ. ಮೊದಲು ಎತ್ತರದ ಏರ್ ವಾಲ್ವನ್ನು ಕೈಯಿಂದ ಬಿಚ್ಚಿ, ನಂತರ ತಗ್ಗಿನ ವಾಲ್ವ್ ತೆರೆಯಿರಿ. ಪೈಪು ಹಳ್ಳದ ಅಡ್ಡ ಇಳಿದು ಏರುವ ಕಡೆ ನೀರು ತಾನಾಗಿ ಹೋಗದು. ಅಲ್ಲಿ ತಗ್ಗಿನಲ್ಲೊಂದು ಟೀ ಮತ್ತು ಬಾಲ್ ವಾಲ್ವ್ ಕೂರಿಸಿಕೊಳ್ಳುವುದು ಒಳ್ಳೆಯದು. ಬಸಿದಾದ ಮೇಲೆ ಅದೇ ದಿನ ಎಲ್ಲ ಬಾಯಿಗಳನ್ನೂ ಮುಚ್ಚಿ. ತೆರೆದ ಪೈಪಿನಲ್ಲಿ ಇರುವೆ ಮೊಟ್ಟೆ ಇಡುತ್ತದೆ, ಕಡಜ ಮಣ್ಣಿನ ಗೂಡು ಕಟ್ಟುತ್ತದೆ.

ಸ್ಪ್ರಿಂಕ್ಲರ್ ತಲೆಗಳನ್ನು ಮೊದಲ ಬೋರ್ಡೋ ಸಿಂಪರಣೆಗೆ ಮುನ್ನವೇ ಕಳಚಿ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಇರುತ್ತದೆ. ಅಡಿಕೆ ಗೊನೆಯಿಂದ ತೊಟ್ಟಿಕ್ಕುವ ಆ ಸುಣ್ಣ ನಾಜಲ್ಲಿನ ಸಣ್ಣ ರಂಧ್ರದಲ್ಲಿ ಗಟ್ಟಿಯಾದರೆ ಸೂಜಿಗೂ ಬಗ್ಗದು, ಸೂಜಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ನೀರಿನ ಹಂಚಿಕೆಯೇ ಕೆಡುತ್ತದೆ. ತಲೆಗಳನ್ನು ತೊಳೆದು ನೆರಳಲ್ಲಿ ಆರಿಸಿ ಚೀಲದಲ್ಲಿ ತೂಗುಹಾಕಿ. ಲ್ಯಾಟರಲ್‌ಗಳನ್ನು ನೆಲದಲ್ಲಿ ಬಿಟ್ಟರೆ ಮಳೆಗಾಲದ ಹುಲ್ಲು ಮುಚ್ಚಿ, ಕಳೆ ಕೊಚ್ಚುವ ಯಂತ್ರಕ್ಕೆ ಸಿಕ್ಕಿ ತುಂಡಾಗುತ್ತವೆ. ಮರದ ಬುಡದಿಂದ ಮೊಣಕಾಲೆತ್ತರಕ್ಕೆ ಸುತಳಿಯಿಂದ ಸಡಿಲವಾಗಿ ಕಟ್ಟಿ.

ಡಿಸ್ಕ್ ಫಿಲ್ಟರನ್ನು ಬಿಚ್ಚಿ, ಬಿಲ್ಲೆಗಳನ್ನು ದಾರಕ್ಕೆ ಪೋಣಿಸಿ ತೊಳೆದು, ಬಿಗಿಯದೆ ಇಡಿ. ರಬ್ಬರ್ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ.

ಈಗ ಪಂಪ್. ಮೋಟರ್, ಪಂಪ್ ಎರಡೂ ಒಂದಾಗಿ ಜೋಡಿಸಿದ ಮೋನೋಬ್ಲಾಕ್ ಪಂಪಿನ ಹೊಟ್ಟೆಯ ತಳದಲ್ಲಿ ಒಂದು ಡ್ರೈನ್ ಪ್ಲಗ್ ಇರುತ್ತದೆ, ಬಣ್ಣ ಬಳಿದು ಬಳಿದು ಎಷ್ಟೋ ಕಡೆ ಕಾಣುವುದೂ ಇಲ್ಲ. ಮೇಲಿನ ಪ್ರೈಮಿಂಗ್ ಪ್ಲಗ್ ಬಿಚ್ಚಿ, ನಂತರ ಇದನ್ನು ಬಿಚ್ಚಿ. ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರಿಗೂ ಕವಚಕ್ಕೂ ನಡುವಿನ ಅಂತರ ಮಿಲಿಮೀಟರಿಗಿಂತ ಕಡಿಮೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆ ಸಂದಿಯಲ್ಲಿ ತುಂಬಿ ಎರಡನ್ನೂ ಬೆಸೆಯುತ್ತದೆ. ಹಾಗೆ ಜಾಮ್ ಆದ ಮೋಟರಿಗೆ ಕರೆಂಟು ಕೊಟ್ಟರೆ ಮಾಮೂಲಿಗಿಂತ ಐದಾರು ಪಟ್ಟು ಆಂಪಿಯರ್ ಎಳೆಯುತ್ತದೆ; ಓವರ್‌ಲೋಡ್ ರಿಲೇ ಬೀಳದಿದ್ದರೆ ವೈಂಡಿಂಗ್ ಸುಡುತ್ತದೆ. ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲಿನ ಕಾರ್ಬನ್ ಮುಖವೂ ಹೀಗೇ ಅಂಟಿಕೊಂಡು, ಮೊದಲ ತಿರುವಿಗೇ ಒಡೆಯುತ್ತದೆ. ನೀರು ಬಸಿದ ಪಂಪಿನ ಶಾಫ್ಟನ್ನು ಫ್ಯಾನ್ ಕಡೆಯಿಂದ ಹದಿನೈದು ದಿನಕ್ಕೊಮ್ಮೆ ಕೈಯಿಂದ ನಾಲ್ಕು ಸುತ್ತು ತಿರುಗಿಸಿದರೆ ಇವೆರಡೂ ತಪ್ಪುತ್ತವೆ.

ಬಿಚ್ಚುವ ಮುನ್ನ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಮೂರು ವೈರುಗಳಿಗೆ ಗುರುತು ಕಟ್ಟಿ; ಅದಲುಬದಲಾದರೆ ಪಂಪ್ ಉಲ್ಟಾ ತಿರುಗಿ ಒತ್ತಡ ಸಾಲುವುದಿಲ್ಲ. ಇಡುವ ಜಾಗ ಮನೆಯೊಳಗೆ, ಹಲಗೆಯ ಮೇಲೆ. ಕೊಟ್ಟಿಗೆ ಬೇಡ, ಗಂಜಲದ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ಕೊರೆಯುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತದೆ, ಗೋಣಿ ಹೊದಿಸಿ. ಫುಟ್‌ವಾಲ್ವನ್ನೂ (ನೀರೆಳೆಯುವ ಪೈಪಿನ ತಳದ ವಾಲ್ವ್) ಹಳ್ಳದಲ್ಲಿ ಬಿಡದೆ ತಂದು, ನೆಟ್ಟಗೆ ನಿಲ್ಲಿಸಿ ನೀರು ತುಂಬಿ ನೋಡಿ. ಹತ್ತು ನಿಮಿಷದಲ್ಲಿ ಮಟ್ಟ ಇಳಿದರೆ ವಾಷರ್ ಬದಲಿಸುವ ಕಾಲ ಬಂದಿದೆ.

ಬೋರ್‌ವೆಲ್ಲಿನ ನೀರು ತುಂಬಿದ ಸಬ್‌ಮರ್ಸಿಬಲ್ ಮೋಟರಿಗೆ ಇದಾವುದೂ ಅನ್ವಯಿಸದು. ಅದರ ಬೇರಿಂಗಿಗೆ ನೀರೇ ಎಣ್ಣೆ. ಎತ್ತದೆ ಅಲ್ಲೇ ಬಿಟ್ಟು, ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿ.

ಕರಾವಳಿಯ ಕಡೆ, ಅಂಕೋಲಾ, ಕುಮಟಾ, ಹೊನ್ನಾವರದ ಅಳಿವೆ ಹತ್ತಿರದ ತೋಟಗಳಲ್ಲಿ, ಮೇ ತಿಂಗಳ ಬಾವಿ ನೀರಿಗೆ ಉಪ್ಪು ಏರಿರುತ್ತದೆ. ಅದೇ ನೀರಲ್ಲಿ ತೊಳೆದು ಬಿಟ್ಟರೆ ಉಪ್ಪು ಒಳಗೇ ಉಳಿಯಿತು. ಜೂನಿನಲ್ಲಿ ಬಾವಿ ಸಿಹಿಯಾದ ಮೇಲೆ ಒಂದು ದಿನ ಬಿಡುವು ನೋಡಿ ಅರ್ಧ ಗಂಟೆ ಪಂಪ್ ಓಡಿಸಿ, ಆಮೇಲೆ ಬಸಿಯಿರಿ.

ಮತ್ತೆ ಚಾಲೂ ಮಾಡುವಾಗ ಮೊದಲು ಶಾಫ್ಟ್ ಕೈಗೆ ತಿರುಗಬೇಕು. ನಂತರ ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಅಳೆಯುವ ಉಪಕರಣ) ಹಿಡಿದು ನೋಡಲಿ. ಒಂದು ಮೆಗಾ ಓಮಿಗಿಂತ ಕಡಿಮೆ ಬಂದರೆ ವೈಂಡಿಂಗ್‌ನಲ್ಲಿ ತೇವವಿದೆ; ಪಕ್ಕದಲ್ಲಿ 100 ವ್ಯಾಟಿನ ಹಳೆ ಮಾದರಿಯ ಬಲ್ಬು ಉರಿಸಿ ಒಂದು ರಾತ್ರಿ ಕಾಯಿಸಿ ಮತ್ತೆ ಅಳೆಯಲಿ. ನೀರು ಬಿಡುವಾಗ ಎಲ್ಲ ತುದಿಗಳೂ ತೆರೆದಿರಲಿ. ಮೇನ್‌ಲೈನ್, ಸಬ್‌ಮೇನ್ ತಿಳಿಯಾದ ಮೇಲೆ ಲ್ಯಾಟರಲ್ ಮುಚ್ಚುತ್ತ ಬನ್ನಿ, ಸ್ಪ್ರಿಂಕ್ಲರ್ ತಲೆ ಕೂರಿಸುವುದು ಅದರ ಮರುದಿನ.