ಸ್ಯಾಫ್ರನ್ ವಾಲ್ಡನ್: ಬೆಳೆ ಹೋಯಿತು, ಹೆಸರು ಉಳಿಯಿತು

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ವಾಯವ್ಯ ಮೂಲೆಯಲ್ಲಿ, ಕೇಂಬ್ರಿಜ್‌ನಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಸ್ಯಾಫ್ರನ್ ವಾಲ್ಡನ್ ಎಂಬ ಪುಟ್ಟ ಪೇಟೆಯಿದೆ. ಸ್ಯಾಫ್ರನ್ ಎಂದರೆ ಕೇಸರಿ. ಕಾಶ್ಮೀರದ ಬೆಳೆಯೆಂದೇ ನಾವು ತಿಳಿದಿರುವ ಕೇಸರಿ ಇಂಗ್ಲೆಂಡಿನ ಊರೊಂದರ ಹೆಸರಿಗೆ ಅಂಟಿಕೊಂಡಿದ್ದು ಹೇಗೆ?

ಊರು ಹುಟ್ಟಿದ್ದು ಕೇಸರಿಯಿಂದಲ್ಲ, ಸಂತೆಯಿಂದ. 1141ರಲ್ಲಿ ಸಾಮ್ರಾಜ್ಞಿ ಮಟಿಲ್ಡಾ ಪಕ್ಕದ ನ್ಯೂಪೋರ್ಟ್‌ನ ಸಂತೆಯನ್ನು ವಾಲ್ಡನ್‌ಗೆ ವರ್ಗಾಯಿಸಲು ಇಲ್ಲಿನ ಕೋಟೆಯ ಒಡೆಯ ಜೆಫ್ರಿ ಡಿ ಮ್ಯಾಂಡೆವಿಲ್‌ಗೆ ಅನುಮತಿ ಕೊಟ್ಟಳು. ಆಗಿನ ಹೆಸರು ಚಿಪ್ಪಿಂಗ್ ವಾಲ್ಡನ್. ಹಳೆಯ ಇಂಗ್ಲಿಷಿನಲ್ಲಿ ಚಿಪ್ಪಿಂಗ್ ಎಂದರೆ ಸಂತೆ. ನಮ್ಮ ಸಂತೇಬೆನ್ನೂರು, ಸಂತೇಮರಹಳ್ಳಿಗಳ ಹಾಗೆ. ತಾತ್ಕಾಲಿಕ ಮಳಿಗೆಗಳು ಕ್ರಮೇಣ ಕಾಯಂ ಅಂಗಡಿಗಳಾದವು. ಬುಚರ್ ರೋ ಎಂಬ ಕಿರಿದಾದ ಬೀದಿಯ ಹೆಸರು ಅಲ್ಲಿ ಕಟುಕರು ಸಾಲಾಗಿ ಕೂರುತ್ತಿದ್ದುದನ್ನು ಇಂದಿಗೂ ಹೇಳುತ್ತದೆ.

ಮೊದಲು ದುಡ್ಡು ತಂದದ್ದು ಕುರಿಯ ಉಣ್ಣೆ. ಬಟ್ಟೆ ಇದ್ದಲ್ಲಿ ಬಣ್ಣವೂ ಬೇಕಲ್ಲ! ಬಣ್ಣಕ್ಕೆ, ಔಷಧಿಗೆ, ಅಡುಗೆಗೆ ಮೂರಕ್ಕೂ ಬೇಕಾಗಿದ್ದ ಕೇಸರಿ ಇಲ್ಲಿ ಬೇರೂರಿತು. ಸುಣ್ಣಕಲ್ಲಿನ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಮಳೆಯೂ ಕಡಿಮೆ. ಕೇಸರಿ ಗಿಡದ ಗಡ್ಡೆ ಕೊಳೆಯದಿರಲು ಎರಡೂ ಬೇಕು. ಹದಿನಾರನೆಯ ಶತಮಾನದ ಹೊತ್ತಿಗೆ ಊರಿನ ಹೆಸರೇ ಬದಲಾಯಿತು. ಊರಿನ ಲಾಂಛನದಲ್ಲಿ ಕೋಟೆ ಗೋಡೆಯೊಳಗೆ ಕೇಸರಿ ಹೂಗಳು ಅರಳಿವೆ. ಕೇಸರಿ ಬೆಳೆಗಾರರಿಗೆ ಕ್ರೋಕರ್ ಎಂಬ ಹೆಸರೇ ಇತ್ತು.

ಆದರೆ ಇದು ಮೈಮುರಿಯುವ ದುಡಿಮೆ. ಹೂ ಅರಳುವುದು ಶರತ್ಕಾಲದ ಕೆಲವೇ ವಾರ. ಬೆಳಗಿನ ಹೊತ್ತಿನಲ್ಲೇ ಕೈಯಿಂದ ಬಿಡಿಸಬೇಕು, ಒಂದು ಹೂವಿನಿಂದ ಮೂರೇ ಎಳೆ ತೆಗೆಯಬೇಕು, ಆಮೇಲೆ ಹದವಾದ ಬೆಂಕಿಯಲ್ಲಿ ಒಣಗಿಸಬೇಕು. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಹೊರದೇಶದ ಅಗ್ಗದ ಕೇಸರಿ ಬಂದಾಗ ಈ ಲೆಕ್ಕ ತಾಳಲಿಲ್ಲ. ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ಬೆಳೆ ಹೆಚ್ಚುಕಡಿಮೆ ಅಳಿದೇಹೋಯಿತು.

ಊರು ಮಾತ್ರ ಸೊರಗಲಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಮಾಡುವ ಉದ್ಯಮ ಕೈಹಿಡಿಯಿತು. ಲಂಡನ್ನಿನ ಬಿಯರ್ ತಯಾರಕರೇ ಗಿರಾಕಿಗಳು. ಇದೇ ವ್ಯಾಪಾರದಲ್ಲಿ ಬೆಳೆದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಗಿಬ್ಸನ್ ಕುಟುಂಬ ಬ್ಯಾಂಕ್ ತೆರೆಯಿತು. 1896ರಲ್ಲಿ ಒಂದಾಗಿ ಬಾರ್ಕ್ಲೇಸ್ ಆದ ಬ್ಯಾಂಕುಗಳಲ್ಲಿ ಅದೂ ಒಂದು. ಸಂತೆ ಚೌಕದ ಧಾನ್ಯ ವಿನಿಮಯ ಕಟ್ಟಡ ಕಟ್ಟಿದ್ದು 1840ರ ದಶಕದ ಕೊನೆಯಲ್ಲಿ. ಧಾನ್ಯದ ಚೌಕಾಸಿ ನಡೆಯುತ್ತಿದ್ದ ಆ ಕಟ್ಟಡ ಈಗ ಗ್ರಂಥಾಲಯ. ಹಳೆಯ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಎರಡನೇ ಬದುಕು ನನಗಂತೂ ಹೊಳೆಯುವುದಿಲ್ಲ.

1845ರಲ್ಲಿ ಲಂಡನ್–ಕೇಂಬ್ರಿಜ್ ರೈಲುಮಾರ್ಗ ಬಂದಾಗ ಅದು ಊರನ್ನು ಬಿಟ್ಟು ಸುಮಾರು ಮೂರು ಕಿ.ಮೀ. ಆಚೆ ಹಾದುಹೋಯಿತು. 1865ರಲ್ಲಿ ಕವಲು ಮಾರ್ಗ ತೆರೆದರೂ 1964ರಲ್ಲಿ ಅದರ ಪ್ರಯಾಣಿಕರ ರೈಲು ನಿಂತಿತು. ದೊಡ್ಡ ಕಾರ್ಖಾನೆಗಳು ಬರದೇ ಇದ್ದುದರಿಂದಲೇ ಗಾರೆಯಲ್ಲಿ ಚಿತ್ತಾರ ಬಿಡಿಸಿದ ಮರದ ಚೌಕಟ್ಟಿನ ಮನೆಗಳು ಇಷ್ಟೊಂದು ಉಳಿದವು ಎಂದು ನನ್ನ ಅನಿಸಿಕೆ. ಎಸೆಕ್ಸ್‌ನ ಅತಿ ದೊಡ್ಡ ಪ್ಯಾರಿಷ್ ಚರ್ಚ್, ಹುಲ್ಲಿನ ನೆಲದಲ್ಲಿ ಕೊರೆದ ಹಳೆಯ ಚಕ್ರವ್ಯೂಹ, ಊರಾಚೆಯ ಆಡ್ಲಿ ಎಂಡ್ ಅರಮನೆ ಇವು ಇಂದು ಪ್ರವಾಸಿಗರನ್ನು ಕರೆತರುತ್ತವೆ.

ಈಗ ಅನೇಕರ ಸಂಬಳ ಬರುವುದು ಲಂಡನ್ನು, ಕೇಂಬ್ರಿಜ್‌ಗಳಿಂದ. ಅಂದು ಊರನ್ನು ಬಿಟ್ಟು ಹೋದ ಅದೇ ರೈಲುಮಾರ್ಗದ ಆಡ್ಲಿ ಎಂಡ್ ನಿಲ್ದಾಣದಲ್ಲಿ ಬೆಳಗ್ಗೆ ರೈಲು ಹತ್ತುತ್ತಾರೆ. ಮನೆಗಳ ಬೆಲೆ ಏರಿದೆ, ಊರಂಚಿನಲ್ಲಿ ಹೊಸ ಬಡಾವಣೆಗಳು ಎದ್ದಿವೆ. ಮಂಗಳವಾರ, ಶನಿವಾರ ಸಂತೆ ತಪ್ಪಿಲ್ಲ. ಈ ಶತಮಾನದಲ್ಲಿ ಎಸೆಕ್ಸ್‌ನಲ್ಲಿ ಸಣ್ಣ ಪ್ರಮಾಣದಲ್ಲಿ ಕೇಸರಿ ಕೃಷಿಯೂ ಮತ್ತೆ ಶುರುವಾಗಿದೆ. ಎಳೆ ಬಿಡಿಸುವುದು ಇನ್ನೂ ಕೈಯಿಂದಲೇ, ಒಂದು ಹೂವಿಗೆ ಮೂರೇ.