ಸೆನ್ಸರ್‌ಗೆ ನಿದ್ದೆ ಮಾಡಿಸುವ ಕೆಲಸ

"ಸಿಗ್ನಲ್ ಕಳಿಸುವ ಪವರ್ ಇಳಿಸಿದ್ದೇವೆ, ಆದರೂ ಬ್ಯಾಟರಿ ನಿಲ್ಲುತ್ತಿಲ್ಲ." ವೈರ್‌ಲೆಸ್ ಸೆನ್ಸರ್ ಮಾಡುವವರಿಂದ ನಾನು ಜಾಸ್ತಿ ಕೇಳುವ ದೂರು ಇದು. ನಾನು ತಿರುಗಿ ಕೇಳುವುದು ಒಂದೇ: ರೇಡಿಯೋ ಎಷ್ಟು ಹೊತ್ತು ಸುಮ್ನೆ ಕಿವಿ ತೆರೆದು ಕೂತಿರುತ್ತದೆ?

ಸಿಸಿ2420 ಎಂಬ ಹಳೇ ಜಿಗ್‌ಬೀ (ಕಡಿಮೆ ಕರೆಂಟ್‌ನ ವೈರ್‌ಲೆಸ್ ಪದ್ಧತಿ) ರೇಡಿಯೋ ಚಿಪ್ ನೋಡಿ. 0 ಡಿಬಿಎಂನಲ್ಲಿ, ಅಂದರೆ 1 ಮಿಲಿವ್ಯಾಟ್ ಪವರ್‌ನಲ್ಲಿ, ಕಳಿಸುವಾಗ 17.4 ಮಿಲಿಆಂಪ್, ಕೇಳಿಸಿಕೊಳ್ಳುವಾಗ 18.8. ಮಾತಾಡುವುದಕ್ಕಿಂತ ಕಾಯುವುದೇ ದುಬಾರಿ! ಅದರಲ್ಲೂ 127 ಬೈಟ್‌ನ ದೊಡ್ಡ ಪ್ಯಾಕೆಟ್ ಕಳಿಸಲು ಹಿಡಿಯುವುದು ಸುಮಾರು 4 ಮಿಲಿಸೆಕೆಂಡ್ ಅಷ್ಟೇ. ಕಾಯುವುದಕ್ಕೆ ಮಿತಿಯೇ ಇಲ್ಲ. ಸಿಆರ್2032 ಬಿಲ್ಲೆ ಬ್ಯಾಟರಿಯಲ್ಲಿರುವುದು ಸುಮಾರು 220 ಮಿಲಿಆಂಪ್ ಅವರ್. ಸದಾ ಕೇಳುತ್ತಿದ್ದರೆ ಲೆಕ್ಕದಲ್ಲೇ 12 ಗಂಟೆ ದಾಟುವುದಿಲ್ಲ. ಅದೇ ನೋಡ್ (ಸೆನ್ಸರ್ ಪೆಟ್ಟಿಗೆ) ನಿಮಿಷಕ್ಕೊಮ್ಮೆ 5 ಮಿಲಿಸೆಕೆಂಡ್ ಎದ್ದು ಮಲಗಿದರೆ ರೇಡಿಯೋದ ಸರಾಸರಿ ಕರೆಂಟ್ 2 ಮೈಕ್ರೋಆಂಪ್‌ಗೂ ಕಡಿಮೆ.

ಹಾಗಾದರೆ ಎರಡೂ ಕಡೆಯವರು ಹೊತ್ತು ಗೊತ್ತುಮಾಡಿಕೊಂಡು ಏಳಬಹುದಲ್ವಾ? ಏಳಬಹುದು, ಆದರೆ ಗಡಿಯಾರಗಳು ಜಾರುತ್ತವೆ. ಗಡಿಯಾರ ನಡೆಸುವ ಎರಡೂ ಕ್ರಿಸ್ಟಲ್‌ಗಳು 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಆಚೀಚೆ ಇದ್ದರೆ ಒಂದು ಗಂಟೆಯಲ್ಲಿ 144 ಮಿಲಿಸೆಕೆಂಡ್‌ವರೆಗೆ ವ್ಯತ್ಯಾಸ ಬರಬಹುದು. ಅಷ್ಟು ಮುಂಚೆಯೇ ಎದ್ದು ಕಾಯಬೇಕು. ನನಗೆ ಹಿಡಿಸುವ ದಾರಿ ಬೇರೆ. ಪ್ಲಗ್‌ಗೆ ಸಿಕ್ಕಿಸಿದ ಗೇಟ್‌ವೇ, ಅಂದರೆ ಸೆನ್ಸರ್‌ಗಳ ಡೇಟಾ ಪಡೆಯುವ ಪೆಟ್ಟಿಗೆ, ಸದಾ ಕೇಳಲಿ. ನೋಡ್ ತನಗೆ ಬೇಕಾದಾಗ ಎದ್ದು, ಡೇಟಾ ಕಳಿಸಿ, "ನನಗೇನಾದ್ರೂ ಇದೆಯಾ?" ಎಂದು ಕೇಳಿ ಮಲಗಲಿ. ಗೇಟ್‌ವೇ ಕಳಿಸುವ ಆಜ್ಞೆ ತಡವಾಗಿ ತಲುಪುತ್ತದೆ, ನಿಜ. ತಾಪಮಾನ ಅಳೆಯುವ ಪೆಟ್ಟಿಗೆಗೆ ಅಂಥ ಆತುರ ಏನಿರುತ್ತದೆ?

ಇಷ್ಟೆಲ್ಲ ಮಾಡಿಯೂ ನನ್ನದೊಂದು ಬೋರ್ಡ್ ತಿಂಗಳಿಗೇ ಸತ್ತಿತ್ತು. ಪ್ರೋಟೋಕಾಲ್ ಕೆದಕುತ್ತ ಒಂದು ವಾರ ಹಾಳು ಮಾಡಿದೆ. ಕೊನೆಗೆ ಸಿಕ್ಕಿದ್ದು ಒಂದು 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್, ಅಂದರೆ ಚಿಪ್‌ನ ಒಂದು ಪಿನ್ನನ್ನು ಬ್ಯಾಟರಿಯ ಪ್ಲಸ್ ಕಡೆಗೆ ಎಳೆದು ಹಿಡಿಯುವ ರೆಸಿಸ್ಟರ್. ಮಲಗುವಾಗ ಆ ಪಿನ್ ಲೋ (ಸೊನ್ನೆ ವೋಲ್ಟ್) ಆಗಿಯೇ ಉಳಿದು, ರೆಸಿಸ್ಟರ್ ಮೂಲಕ ಕರೆಂಟ್ ಹರಿಯುತ್ತಿತ್ತು. 3 ವೋಲ್ಟ್‌ಗೆ 300 ಮೈಕ್ರೋಆಂಪ್, ಹಗಲೂ ರಾತ್ರಿ. 220 ಅನ್ನು 0.3ರಿಂದ ಭಾಗಿಸಿ ನೋಡಿ, ಸುಮಾರು 733 ಗಂಟೆ, ಸರಿಯಾಗಿ ಒಂದು ತಿಂಗಳು!

ನಿದ್ದೆಯ ಕರೆಂಟ್ ಅಳೆಯುವಾಗಲೂ ಒಂದು ಕಿರಿಕಿರಿ ಇದೆ. ಮಲ್ಟಿಮೀಟರನ್ನು ಮೈಕ್ರೋಆಂಪ್ ರೇಂಜ್‌ಗೆ ಇಟ್ಟರೆ, ರೇಡಿಯೋ ಎದ್ದ ಕೂಡಲೇ ಮೀಟರ್‌ನೊಳಗೇ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗುತ್ತದೆ. ಮೀಟರ್‌ನ ಎರಡೂ ತುದಿಗಳನ್ನು ತಂತಿಯಿಂದ ಶಾರ್ಟ್ ಮಾಡಿ ಬೋರ್ಡ್ ಆನ್ ಮಾಡಿ. ಅದು ಮಲಗಿದ ಮೇಲೆ ತಂತಿ ಕಿತ್ತು ಓದಿಕೊಳ್ಳಿ. ಮತ್ತೆ ಏಳುವ ಮೊದಲು ತಂತಿ ಹಾಕಲು ಮರೆಯಬೇಡಿ.